ಸ್ವಗತದಿಂದ ಸಂಬೋಧನೆಗೆ: ‘ಮಂಕುತಿಮ್ಮನ ಕಗ್ಗ’ದ ಮಾನವ ದರ್ಶನವನ್ನು ಕುರಿತು

ಕನ್ನಡದಲ್ಲಿ ಪ್ರಬೋಧನೆ ನೀಡುವ ಗುರುಗಳಿಗೆ ಪವಿತ್ರ ಗ್ರಂಥವನ್ನು ಬಿಟ್ಟರೆ ಸುಲಭವಾಗಿ ಒದಗಿಬರುವ ಪುಸ್ತಕ ಯಾವುದೆಂದು ಕೇಳಿದರೆ, ಬಹುಮಂದಿ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವನ್ನೇ ಹೆಸರಿಸುವರು. ಮದುವೆಯ ಬಲಿಪೂಜೆಯಿರಲಿ, ತಪಸ್ಸುಕಾಲದ ಧ್ಯಾನಕೂಟವಿರಲಿ, ಅಂತ್ಯಕ್ರಿಯೆಯಿರಲಿ, ಒಂದು ಪದ್ಯ ಬಂದೇ ಬರುತ್ತದೆ. ಪದ್ಯ ಬಂದೊಡನೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ತಲೆಯೆತ್ತುತ್ತಾರೆ. ಇದು ಸಂತೋಷಪಡಬೇಕಾದ ಸಂಗತಿ. ನಾಡಿನ ನುಡಿಯಲ್ಲಿ ಬೆಳೆದ ವಿವೇಕವನ್ನು ದೇವಾಲಯದ ಹೊರಗೆ ನಿಲ್ಲಿಸುವ ಹುಂಬತನ ನಮ್ಮ ಪೀಳಿಗೆಗೆ ಬೇಡ. ಆದರೆ ಪ್ರಬೋಧನೆಯ ಕಡೆಯ ಮಾತನ್ನು ಕಗ್ಗಕ್ಕೆ ಬಿಟ್ಟುಕೊಟ್ಟು ಪೀಠದಿಂದ ಇಳಿಯುವಾಗ, ಮನುಷ್ಯನ ಸ್ವಭಾವವನ್ನು ಕುರಿತು ನಾವು ಯಾವ ಅಭಿಪ್ರಾಯಕ್ಕೆ ಸಹಿ ಹಾಕಿದಂತಾಗುತ್ತದೆ ಎಂಬ ಪ್ರಶ್ನೆಯನ್ನು ಗುರುಮಠಗಳಲ್ಲಿ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಅದನ್ನು ಕೇಳುವುದು ಈ ಲೇಖನದ ಉದ್ದೇಶ.

ಡಿ.ವಿ.ಜಿ. ಎಂಬ ಮೂರು ಅಕ್ಷರಗಳಲ್ಲಿ ಮೊದಲನೆಯದು ದೇವನಹಳ್ಳಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ. ಪತ್ರಕರ್ತರಾಗಿ, ಸಾರ್ವಜನಿಕ ಕಾರ್ಯಕರ್ತರಾಗಿ ಬಾಳಿದ್ದು ಬೆಂಗಳೂರಿನಲ್ಲಿ. ದೇವನಹಳ್ಳಿಯಿಂದ ಸೂಲಿಬೆಲೆಯ ಮೇಲೆ ಹಾದು ಹೊಸಕೋಟೆಯನ್ನು ಮುಟ್ಟಿ, ಅಲ್ಲಿಂದ ಕೋಲಾರದ ಹೆದ್ದಾರಿ ಹಿಡಿದರೆ ಮುಳಬಾಗಿಲು ಸಿಗುತ್ತದೆ. ಹೀಗೆ ಕಗ್ಗವು ಈ ಬಯಲುಸೀಮೆಯದೇ ಮಾತು, ರಾಗಿ ಹೊಲದ, ಬತ್ತಿದ ಕೆರೆಯ, ಮಳೆಗೆ ಕಾಯುವ ಜನರ ಮಾತು. ಈ ದಾರಿಯಲ್ಲಿ ಇಂದು ಏನಾಗುತ್ತಿದೆ ಎಂಬುದನ್ನು ಮುಂದೆ ನೋಡಬೇಕಾಗುವುದು.

945 ಪದ್ಯಗಳ ಈ ಕೃತಿ ಪ್ರಕಟವಾದದ್ದು 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಆರಂಭದಲ್ಲಿ ಪರತತ್ವಕ್ಕೆ ವಂದನೆಯಿದೆ. ಅದರ ಬೆನ್ನಿಗೇ ಸಂಶಯಗಳ ಸಾಲಿದೆ. ಬಾಳಿಗೆ ಅರ್ಥವುಂಟೇ, ಜಗತ್ತಿಗೂ ಜೀವಕ್ಕೂ ಏನು ನಂಟು ಎಂದು ಕವಿ ಕೇಳುತ್ತಾ ಹೋಗುತ್ತಾರೆ. ಇಂಥ ಪ್ರಶ್ನೆಗಳನ್ನು ಕಂಡು ಗಾಬರಿಯಾಗುವ ಕ್ರೈಸ್ತ ಓದುಗರು ತಮ್ಮದೇ ಬೈಬಲಿನ ‘ಉಪದೇಶಕ’ ಗ್ರಂಥವನ್ನು ಮರೆತವರು. ಅಲ್ಲಿಯೂ ಒಬ್ಬ ಜ್ಞಾನಿ ತನ್ನ ಹೃದಯದೊಡನೆ ತಾನೇ ಮಾತಾಡಿಕೊಳ್ಳುತ್ತಾ ಸೂರ್ಯನ ಕೆಳಗಿನ ಸಕಲ ವ್ಯವಹಾರವನ್ನೂ ತೂಗಿ ನೋಡುತ್ತಾನೆ; ತಕ್ಕಡಿ ಹಗುರವಾಗಿಯೇ ಮೇಲೇಳುತ್ತದೆ. ಧರ್ಮಸಭೆ ಆ ಗ್ರಂಥವನ್ನು ಪವಿತ್ರ ಗ್ರಂಥದಿಂದ ಹೊರಗಿಡಲಿಲ್ಲ. ಆದಕಾರಣ ಸಂಶಯ ಕಗ್ಗದ ದೋಷವಲ್ಲ. ನಮ್ಮ ತಕರಾರು ಬೇರೆ.

ಮೊದಲು ಕಗ್ಗದ ಬಲವನ್ನು ಒಪ್ಪಿಕೊಳ್ಳೋಣ. ಮನುಷ್ಯನ ಹಸಿವುಗಳನ್ನು ಒಂದರ ಮೇಲೊಂದು ಏರಿಸಿ ತೋರಿಸುವ ಪದ್ಯವೊಂದಿದೆ. ಅನ್ನದ ಆತುರಕ್ಕಿಂತ ಹೊನ್ನಿನದು ತೀಕ್ಷ್ಣ, ಅದಕ್ಕಿಂತ ಗಂಡುಹೆಣ್ಣಿನ ಒಲವು. ಎಲ್ಲಕ್ಕಿಂತ ಮೇಲೆ, ಒಳಗನ್ನೇ ತಿಂದುಹಾಕುವಂಥದು, ಜನರಿಂದ ಮನ್ನಣೆ ಪಡೆಯುವ ದಾಹ ಎಂಬುದು ಅದರ ತಾತ್ಪರ್ಯ. ಐದನೆಯ ಶತಮಾನದ ಆದಿಭಾಗದಲ್ಲಿ ಜಾನ್ ಕ್ಯಾಸಿಯನರು ಸನ್ಯಾಸಿಗಳಿಗಾಗಿ ಎಂಟು ದುರ್ಗುಣಗಳನ್ನು ವಿವರಿಸುವಾಗ ವ್ಯರ್ಥ ಕೀರ್ತಿಯಾಸೆಯನ್ನು ಈರುಳ್ಳಿಗೆ ಹೋಲಿಸಿದರು. ಒಂದು ಪದರ ಸುಲಿದರೆ ಇನ್ನೊಂದು. ಕೀರ್ತಿಯನ್ನು ತ್ಯಜಿಸಿದೆನೆಂಬುದೇ ಹೊಸ ಕೀರ್ತಿ. ಮರುಭೂಮಿಯ ತಪಸ್ವಿಗಳು ಕಂಡುಕೊಂಡದ್ದನ್ನು ಬೆಂಗಳೂರಿನ ಪತ್ರಕರ್ತರೊಬ್ಬರು ಸಭೆ, ಸನ್ಮಾನ, ಹಾರ ತುರಾಯಿಗಳ ನಡುವೆ ಕುಳಿತು ಕಂಡುಕೊಂಡರು. ಗುರುಗಳಿಗೆ ಈ ಪದ್ಯದಷ್ಟು ಉಪಯುಕ್ತವಾದ ಆತ್ಮಶೋಧನೆಯ ಪಾಠ ಕನ್ನಡದಲ್ಲಿ ಮತ್ತೊಂದಿರಲಾರದು. ಅನ್ನ, ಹೊನ್ನು, ಹೆಣ್ಣು ಈ ಮೂರನ್ನೂ ವ್ರತದಿಂದ ಬಿಗಿದು ಕಟ್ಟಿದವರಲ್ಲಿ ನಾಲ್ಕನೆಯದು ಹೇಗೆ ಹುಲುಸಾಗಿ ಬೆಳೆಯುತ್ತದೆ ಎಂಬುದಕ್ಕೆ ಯಾವುದೇ ಧರ್ಮಕೇಂದ್ರದ ಅಮೃತಶಿಲೆಯ ಫಲಕಗಳನ್ನು ಓದಿದರೂ ಸಾಕು.

ಸಂತ ತೋಮಾಸ್ ಅಕ್ವಿನಾಸರು ಜನ್ಮಪಾಪದಿಂದ ಮಾನವ ಸ್ವಭಾವಕ್ಕೆ ಆದ ಗಾಯಗಳು ನಾಲ್ಕೆಂದು ಹೇಳುತ್ತಾರೆ: ಬುದ್ಧಿಗೆ ಅಜ್ಞಾನ, ಸಂಕಲ್ಪಕ್ಕೆ ದುಷ್ಟತನ, ಕಷ್ಟವನ್ನು ಎದುರಿಸುವ ಶಕ್ತಿಗೆ ದೌರ್ಬಲ್ಯ, ಆಸೆಗೆ ಅಂಕೆಯಿಲ್ಲದ ತೃಷ್ಣೆ. ಈ ಕೋಷ್ಟಕವನ್ನು ಹಿಡಿದು ಕಗ್ಗವನ್ನು ಓದಿದರೆ ಕುತೂಹಲಕರವಾದ ಒಂದು ಸಂಗತಿ ಹೊರಬೀಳುತ್ತದೆ. ಅಜ್ಞಾನವನ್ನು ಕುರಿತು ಕಗ್ಗ ಹೇಳುವುದು ಅಪಾರ. ‘ಮಂಕು’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ದೌರ್ಬಲ್ಯವನ್ನು ಅದು ತಾಯಿಯ ಕರುಣೆಯಿಂದ ನೋಡುತ್ತದೆ. ತೃಷ್ಣೆಯನ್ನು ವೈದ್ಯನಂತೆ ಪರೀಕ್ಷಿಸುತ್ತದೆ. ದುಷ್ಟತನದ ಬಳಿಗೆ ಬಂದಾಗ ಮಾತ್ರ ದನಿ ಬದಲಾಗುತ್ತದೆ. ಕಗ್ಗ ಅದನ್ನು ಕಾಣಲಿಲ್ಲವೆಂದಲ್ಲ. ಕಣ್ಣೀರು ಸಾಕಾಗಿದ್ದ ಭೂಮಿಗೆ ನೆತ್ತರೆರೆಯುವ ಇವರು ಮನುಷ್ಯರೋ ರಾಕ್ಷಸರೋ ಎಂದು ಯುದ್ಧಕಾಲದ ಆ ಕವಿ ಕೇಳಿದ್ದುಂಟು. ಆ ಪ್ರಶ್ನೆ ಇಂದಿಗೂ ಮೈ ನಡುಗಿಸುತ್ತದೆ. ಆದರೆ ಅಲ್ಲಿಯ ಸರ್ವನಾಮವನ್ನು ಗಮನಿಸಬೇಕು. ದುಷ್ಟತನ ಅಲ್ಲಿ ‘ಅವರ’ದು, ಲೋಕದ್ದು, ಕಾಲದ್ದು. ಮಂಕು ಮಾತ್ರ ‘ನನ್ನದು’. ತಿಮ್ಮನು ತನ್ನನ್ನು ದಡ್ಡನೆಂದು ಕರೆದುಕೊಂಡಷ್ಟು ಸಲೀಸಾಗಿ ಅಪರಾಧಿಯೆಂದು ಕರೆದುಕೊಳ್ಳುವುದಿಲ್ಲ.

ಇದೊಂದು ಸಣ್ಣ ವ್ಯಾಕರಣ ವಿಷಯವೆಂದು ತಳ್ಳಿಹಾಕಬಾರದು. ದಡ್ಡತನಕ್ಕೆ ಮದ್ದು ತಿಳಿವಳಿಕೆ, ದೌರ್ಬಲ್ಯಕ್ಕೆ ಮದ್ದು ಅಭ್ಯಾಸ, ತೃಷ್ಣೆಗೆ ಸಂಯಮ. ಈ ಮೂರನ್ನೂ ಮನುಷ್ಯ ತನ್ನೊಳಗೇ, ಕಾಲಕ್ರಮದಲ್ಲಿ, ಮಾಗುತ್ತಾ ಮಾಗುತ್ತಾ ಸಾಧಿಸಬಹುದೆಂದು ಕಗ್ಗ ನಂಬುತ್ತದೆ. ಅಪರಾಧಕ್ಕೆ ಮಾಗುವಿಕೆ ಮದ್ದಲ್ಲ. ಅದಕ್ಕೆ ಇನ್ನೊಬ್ಬರು ಬೇಕು: ನೊಂದವರು ಬೇಕು, ಕ್ಷಮಿಸುವವರು ಬೇಕು.

ಅಂತ್ಯಕ್ರಿಯೆಗಳಲ್ಲಿ ಹೆಚ್ಚು ಕೇಳಿಬರುವ ಪದ್ಯವನ್ನು ಈಗ ನೋಡೋಣ. ಬಾಳು ಒಂದು ಜಟಕಾ ಗಾಡಿ, ವಿಧಿ ಅದನ್ನು ಓಡಿಸುವವನು, ನೀನು ಕುದುರೆ. ಮದುವೆಮನೆಗಾದರೂ ಮಸಣಕ್ಕಾದರೂ ಹೋಗೆಂದ ಕಡೆಗೆ ಹೋಗಬೇಕು. ಕಾಲು ಕುಸಿದರೆ ಹೇಗೂ ನೆಲವಿದೆ ಎಂಬ ಭಾವದ ಆ ಪದ್ಯ ಕನ್ನಡಿಗರೆಲ್ಲರಿಗೂ ಬಾಯಿಪಾಠ. ಸಾವಿನ ಮನೆಯಲ್ಲಿ ಅದು ತರುವ ಸಮಾಧಾನ ಹುಸಿಯಲ್ಲ. ಯಾರ ತಪ್ಪೂ ಇಲ್ಲದೆ ಎರಗುವ ದುಃಖಗಳುಂಟು; ಅಂಥಲ್ಲಿ ಗಾಡಿಯ ಉಪಮೆ ಎದೆಯ ಭಾರವನ್ನು ಇಳಿಸುತ್ತದೆ. ಆದರೂ ದೈವಶಾಸ್ತ್ರದ ವಿದ್ಯಾರ್ಥಿಗೆ ಈ ಚಿತ್ರ ಬೇರೊಂದು ಕಡೆ ಪರಿಚಿತ. 1525ರಲ್ಲಿ ಮಾರ್ಟಿನ್ ಲೂಥರರು ಎರಾಸ್ಮಸರಿಗೆ ಉತ್ತರವಾಗಿ ಬರೆದ ಗ್ರಂಥದಲ್ಲಿ ಮಾನವ ಸಂಕಲ್ಪವನ್ನು ಸವಾರಿಯ ಪಶುವಿಗೆ ಹೋಲಿಸಿದರು. ದೇವರು ಏರಿದರೆ ದೇವರ ಇಚ್ಛೆಯಂತೆ, ಸೈತಾನನು ಏರಿದರೆ ಅವನ ಇಚ್ಛೆಯಂತೆ ಅದು ನಡೆಯುವುದು. ಟ್ರೆಂಟ್ ಮಹಾಸಭೆ 1547ರಲ್ಲಿ ಕೊಟ್ಟ ಉತ್ತರ ನಮಗೆ ಗೊತ್ತಿದೆ: ದೇವರ ವರಪ್ರಸಾದವೇ ಮನುಷ್ಯನನ್ನು ಮೊದಲು ಎಚ್ಚರಿಸುತ್ತದೆ, ಆದರೆ ಎಚ್ಚತ್ತವನು ನಿರ್ಜೀವ ವಸ್ತುವಿನಂತೆ ಸುಮ್ಮನೆ ಬಿದ್ದಿರುವುದಿಲ್ಲ, ಸಮ್ಮತಿ ಕೊಡಬಲ್ಲ, ನಿರಾಕರಿಸಲೂ ಬಲ್ಲ.

ಕಗ್ಗದ ಕುದುರೆಗೂ ಲೂಥರರ ಪಶುವಿಗೂ ಇರುವ ವ್ಯತ್ಯಾಸ ದೊಡ್ಡದು. ಎರಡನ್ನೂ ಒಂದೇ ಗೂಟಕ್ಕೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಕಗ್ಗದಲ್ಲಿಯೇ ಪೌರುಷವನ್ನೂ ಪ್ರಯತ್ನವನ್ನೂ ಎತ್ತಿಹಿಡಿಯುವ ಪದ್ಯಗಳು ಹೇರಳವಾಗಿವೆ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ.ಯವರು ವಿಧಿಯ ಮೇಲೆ ಭಾರ ಹಾಕಿ ಕುಳಿತವರಲ್ಲ. ಆದರೆ ನಾವು ಪ್ರಬೋಧನೆಗೆ ಆಯ್ದುಕೊಳ್ಳುವುದು ಕುದುರೆಯ ಪದ್ಯವನ್ನೇ. ಆಯ್ಕೆ ನಮ್ಮದು, ಆದ್ದರಿಂದ ಟೀಕೆಯೂ ನಮಗೇ ತಗಲಬೇಕು. ಕುದುರೆ ದಣಿಯಬಹುದು, ಎಡವಬಹುದು, ಕುಸಿಯಬಹುದು. ಕ್ಷಮೆ ಕೇಳಬೇಕಾದ ಪ್ರಸಂಗ ಅದಕ್ಕೆ ಎಂದೂ ಬಾರದು.

ಕಗ್ಗದ ಎಲ್ಲ ಪದ್ಯಗಳೂ ಮಂಕುತಿಮ್ಮನನ್ನು ಕರೆದು ಮುಗಿಯುತ್ತವೆ. ಕರೆಯುವವನೂ ಕರೆಯಿಸಿಕೊಳ್ಳುವವನೂ ಒಬ್ಬನೇ. ಇದು ಕೃತಿಯ ವಿನಯ. ಇತರರಿಗೆ ಉಪದೇಶ ಮಾಡುವ ದರ್ಪದಿಂದ ಕವಿಯನ್ನು ಇದು ಕಾಪಾಡಿತು. ಅದೇ ಕಾರಣದಿಂದ ಇದು ಕೃತಿಯ ಎಲ್ಲೆಯೂ ಹೌದು. ಇಡೀ ಕಗ್ಗ ಒಂದು ಸ್ವಗತ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅಲ್ಲಿ ಹೆಸರು, ಊರು, ಮನೆ, ಋಣ ಎಲ್ಲವೂ ಇರುವ ಜನರಿದ್ದಾರೆ. ವಿದ್ವಾಂಸರು, ಸಂಗೀತಗಾರರು, ದಿವಾನರು ಸಾಲುಗಟ್ಟಿ ಬರುತ್ತಾರೆ. ಕಗ್ಗದಲ್ಲಿ ಲೋಕವಿದೆ, ವಿಧಿಯಿದೆ, ಬೊಮ್ಮವಿದೆ. ‘ನಿನ್ನಿಂದ ನನಗೆ ಅನ್ಯಾಯವಾಯಿತು’ ಎಂದು ತಿಮ್ಮನ ಬಾಗಿಲು ತಟ್ಟುವ ನೆರೆಯವನು ಮಾತ್ರ ಇಲ್ಲ.

ಪವಿತ್ರ ಗ್ರಂಥದಲ್ಲಿ ಹಾಗೆ ಬಾಗಿಲು ತಟ್ಟುವವನು ನಾತಾನ. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿಯು ದಾವೀದನಿಗೆ ಒಂದು ಕತೆ ಹೇಳುತ್ತಾನೆ. ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕತೆ. ಅರಸನಿಗೆ ಮನುಷ್ಯಸ್ವಭಾವದ ಪರಿಜ್ಞಾನಕ್ಕೆ ಕೊರತೆಯಿರಲಿಲ್ಲ. ಕತೆ ಕೇಳಿ ಕೆಂಡಾಮಂಡಲನಾಗಿ ಸರಿಯಾದ ತೀರ್ಪನ್ನೇ ಕೊಟ್ಟ. ಲೋಕದ ದುಷ್ಟತನವನ್ನು ಗುರುತಿಸುವುದರಲ್ಲಿ ಅವನು ತಪ್ಪಲಿಲ್ಲ. ಆ ಸಿರಿವಂತನು ತಾನೇ ಎಂಬುದನ್ನು ಮಾತ್ರ ಮತ್ತೊಬ್ಬರು ಬಂದು, ಎದುರಿಗೆ ನಿಂತು, ಮಧ್ಯಮ ಪುರುಷದಲ್ಲಿ ಹೇಳಬೇಕಾಯಿತು. ದಾವೀದನಿಗೆ ಏಕಾಂತದಲ್ಲಿ ತತ್ವಚಿಂತನೆ ಮಾಡಲು ತಿಂಗಳುಗಟ್ಟಲೆ ಅವಕಾಶವಿತ್ತಲ್ಲವೆ? ಊರೀಯನ ಹೆಸರು ಆ ಚಿಂತನೆಯಲ್ಲಿ ಬಂದಂತೆ ಕಾಣುವುದಿಲ್ಲ.

ಸಂತ ಪೌಲರೂ ಸ್ವಗತವಾಡಿದವರೇ. ರೋಮನರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ ಬಯಸುವ ಒಳಿತನ್ನು ಮಾಡಲಾರದೆ, ಬಯಸದ ಕೆಡುಕನ್ನೇ ಮಾಡುವ ತಮ್ಮ ಇಬ್ಬಂದಿತನವನ್ನು ಅವರು ತೋಡಿಕೊಳ್ಳುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ತನ್ನ ‘ಆನಂದ ಮತ್ತು ಭರವಸೆ’ ಸಂವಿಧಾನದ 13ನೆಯ ಪರಿಚ್ಛೇದದಲ್ಲಿ ಮನುಷ್ಯನು ತನ್ನೊಳಗೇ ಸೀಳಿಹೋದವನು ಎಂದದ್ದು ಇದೇ ಅನುಭವವನ್ನು. ಇಲ್ಲಿಯವರೆಗೆ ಕಗ್ಗವೂ ಪೌಲರೂ ಒಂದೇ ಹಾದಿಯ ಪಯಣಿಗರು. ಬೇರಾಗುವುದು ಒಂದು ಪ್ರಶ್ನಾರ್ಥಕ ಪದದಲ್ಲಿ. ಬಾಳು ಏನು, ಜಗತ್ತು ಏನು, ನಾನು ಏನು ಎಂಬುದು ಕಗ್ಗದ ಕೇಳ್ಮೆ. ಪೌಲರ ಸ್ವಗತ ಒಡೆದು ಹೊರಬರುವ ಪ್ರಶ್ನೆ ತಮ್ಮನ್ನು ಬಿಡಿಸುವವರು ಯಾರು ಎಂಬುದು. ‘ಏನು’ ಎಂಬುದಕ್ಕೆ ಉತ್ತರ ತಿಳಿವಳಿಕೆಯಾಗಿ ಬರುತ್ತದೆ. ‘ಯಾರು’ ಎಂಬುದಕ್ಕೆ ಒಬ್ಬ ವ್ಯಕ್ತಿಯೇ ಬರಬೇಕು.

ಕಗ್ಗದಲ್ಲಿ ಕ್ಷಮೆಯ ಮಾತೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ತಪ್ಪು ಮಾಡಿದವರಲ್ಲಿ ಕ್ಷಮೆ, ವಿಧಿಯ ಹೊಡೆತದೆದುರು ಕೆಚ್ಚು, ಮತ್ಸರವಿಲ್ಲದ ಸಮಚಿತ್ತ, ಇವೆಲ್ಲ ಅಲ್ಲಿ ಉತ್ತಮ ಜೀವನದ ಲಕ್ಷಣಗಳು. ಆದರೆ ಅಲ್ಲಿ ಕ್ಷಮೆ ಕೊಡುವವನ ಗುಣ, ಅವನ ಮನಃಶಾಂತಿಯ ಒಂದು ಅಂಗ. ಕೇಳುವವನ ಕಡೆಯಿಂದ, ಕೈಚಾಚಿ ನಿಂತವನ ಕಡೆಯಿಂದ ಅದನ್ನು ಕಾಣುವ ಪ್ರಯತ್ನವನ್ನು ನಮ್ಮ ಓದಿನಲ್ಲಿ ನಾವು ಕಂಡಿಲ್ಲ. ಕ್ರೈಸ್ತ ಪ್ರಾರ್ಥನೆ ಶುರುವಾಗುವುದೇ ಆ ಇನ್ನೊಂದು ಕಡೆಯಿಂದ.

ಈ ಭೇದ ಪಾಠದ ಕೋಣೆಗೆ ಸೀಮಿತವಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಮಣ್ಣಿನ ಬೆಲೆ ಯಾರೂ ಊಹಿಸದ ಎತ್ತರಕ್ಕೆ ಹೋಯಿತು. ಈಗ ಅದೇ ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆಗಳ ದಾರಿಯಲ್ಲಿ ಹೊರವಲಯದ ರಿಂಗ್ ರಸ್ತೆಯೂ ಬಂದಿದೆ. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಗಳು ಗುಂಟೆಯ ಲೆಕ್ಕ ಬಿಟ್ಟು ಚದರಡಿಯ ಲೆಕ್ಕಕ್ಕೆ ಬಂದವು. ಮಣ್ಣಿನ ಬೆಲೆ ಏರಿದಂತೆ ವಿಭಾಗದ ದಾವೆಗಳೂ ಬಂದವು. ಅಪ್ಪನ ಕಾಲಾನಂತರ ವಂಶವೃಕ್ಷ ಮಾಡಿಸುವಾಗ ಮದುವೆಯಾಗಿ ಹೋದ ತಂಗಿಯ ಹೆಸರನ್ನು ಸುಮ್ಮನೆ ಬಿಟ್ಟುಬಿಡುವ ಪದ್ಧತಿಯನ್ನು ಗ್ರಾಮಾಂತರದ ಗುರುಗಳೆಲ್ಲರೂ ಬಲ್ಲರು. ಕ್ರೈಸ್ತ ಕುಟುಂಬಗಳು ಇದಕ್ಕೆ ಹೊರತಲ್ಲ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಹೇಳುತ್ತದೆ. ಆದರೂ ‘ಅವಳಿಗೆ ಮದುವೆಯಲ್ಲೇ ಕೊಟ್ಟಾಯಿತು’ ಎಂಬ ಒಂದು ಮಾತು ಅಧಿನಿಯಮಕ್ಕಿಂತ ಬಲವಾಗಿದೆ.

ಇಂಥ ಒಬ್ಬ ಅಣ್ಣನನ್ನು ಊಹಿಸಿಕೊಳ್ಳೋಣ. ತಂಗಿಯ ಹೆಸರಿಲ್ಲದ ವಂಶವೃಕ್ಷವನ್ನಿಟ್ಟು ಎರಡು ಎಕರೆ ಮಾರಿದ್ದಾನೆ. ಮನೆ ಕಟ್ಟಿದ್ದಾನೆ, ಮಕ್ಕಳನ್ನು ಓದಿಸಿದ್ದಾನೆ. ವಯಸ್ಸಾದ ಮೇಲೆ ನಿದ್ದೆ ಬಾರದು. ಅವನು ಕೆಟ್ಟವನಲ್ಲ, ಪ್ರತಿ ಭಾನುವಾರ ಬಲಿಪೂಜೆಗೆ ಬರುವವನೇ. ಅವನಿಗೆ ಕಗ್ಗ ಏನು ಹೇಳುತ್ತದೆ? ಆಸೆಯ ಸ್ವರೂಪವನ್ನು ತೋರಿಸುತ್ತದೆ, ಹೊನ್ನಿನ ಆತುರ ಬುದ್ಧಿಯನ್ನು ಹೇಗೆ ಮಂಕಾಗಿಸುತ್ತದೆ ಎಂದು ಬಿಡಿಸಿ ಹೇಳುತ್ತದೆ, ಬಾಳಿನ ಸಂಜೆಯಲ್ಲಿ ಮನಸ್ಸನ್ನು ಹದಕ್ಕೆ ತರುವ ಬಗೆಯನ್ನು ಕಲಿಸುತ್ತದೆ. ಅವನು ಓದಿ ಹಗುರಾಗಬಹುದು. ತನ್ನನ್ನು ‘ಮಂಕು’ ಎಂದುಕೊಂಡು ನಕ್ಕು ನಿದ್ದೆ ಹೋಗಲೂಬಹುದು. ತಂಗಿಯ ಪಾಲು ಇದ್ದಲ್ಲಿಯೇ ಇರುತ್ತದೆ. ವಿವೇಕ ಬಂತು, ಪಹಣಿ ಬದಲಾಗಲಿಲ್ಲ.

ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯನು ಯೇಸುಸ್ವಾಮಿ ತನ್ನ ಮನೆಗೆ ಬಂದಾಗ ಲೋಭದ ಸ್ವರೂಪವನ್ನು ಕುರಿತು ಮಾತಾಡಲಿಲ್ಲ. ಎದ್ದುನಿಂತು ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ. ನಮ್ಮ ನೀತಿಶಾಸ್ತ್ರ ‘ಹಿಂದಿರುಗಿಸುವ ಹೊಣೆ’ ಎಂದು ಪಾಠ ಮಾಡುವುದು ಇದನ್ನೇ. ಆದರೆ ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುಗಳು ಈ ಹೊಣೆಯನ್ನು ಎಷ್ಟು ಬಾರಿ ನೆನಪಿಸುತ್ತಾರೆ ಎಂದು ಕೇಳಿದರೆ ಉತ್ತರ ಹಿತವಾಗಿರಲಾರದು. ‘ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ, ದುರಾಸೆಪಟ್ಟೆ’ ಎಂಬ ಪಟ್ಟಿಯಲ್ಲಿಯೂ ಎದುರಾಳಿಯ ಹೆಸರಿಲ್ಲ, ಮುಖವಿಲ್ಲ. ಕ್ರೈಸ್ತರ ಪಾಪನಿವೇದನೆಯೂ ಹೀಗೆ ಮೆಲ್ಲಗೆ ಸ್ವಗತವಾಗಿಬಿಟ್ಟಿರುವುದರಿಂದಲೇ ನಮ್ಮ ಪೀಠಗಳಲ್ಲಿ ಕಗ್ಗ ಇಷ್ಟು ಆರಾಮವಾಗಿ ಕುಳಿತಿದೆ ಎಂಬುದು ನಮ್ಮ ಅನುಮಾನ. ಆ ಮಟ್ಟಿಗೆ ದೋಷ ಕವಿಯದಲ್ಲ.

ಪೋಲಿಹೋದ ಮಗನ ಸಾಮತಿಯಲ್ಲಿ ಎರಡೂ ಒಂದರ ಪಕ್ಕ ಒಂದು ಇವೆ. ಹಂದಿಗಳ ನಡುವೆ ಹಸಿದು ಕುಳಿತವನಿಗೆ ಬುದ್ಧಿ ಬರುತ್ತದೆ. ತನ್ನ ಸ್ಥಿತಿಯನ್ನು ತಾನೇ ಅಳೆಯುತ್ತಾನೆ, ಅಪ್ಪನ ಮನೆಯ ಕೂಲಿಯಾಳುಗಳೊಡನೆ ಹೋಲಿಸಿಕೊಳ್ಳುತ್ತಾನೆ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾನೆ. ಇದು ಅಪ್ಪಟ ಸ್ವಗತ. ಕಗ್ಗದ ಅತ್ಯುತ್ತಮ ಪದ್ಯಗಳು ಕುಳಿತಿರುವುದೂ ಈ ಹಂದಿಗಳ ಹೊಲದಲ್ಲಿಯೇ. ಇದಿಲ್ಲದೆ ಮುಂದಿನದು ನಡೆಯದು. ಆದರೆ ಲೂಕನು ಅವನನ್ನು ಅಲ್ಲಿಯೇ ಬಿಡುವುದಿಲ್ಲ. ಎಬ್ಬಿಸಿ ದಾರಿಗೆ ಹಚ್ಚುತ್ತಾನೆ. ಇನ್ನೂ ಸೂಕ್ಷ್ಮವಾದ ಒಂದು ವಿವರವಿದೆ. ಕೂಲಿಯವನಂತೆ ಇಟ್ಟುಕೊಳ್ಳೆಂಬ ಕಡೆಯ ಮಾತನ್ನು ಮಗನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ. ತಂದೆಯ ಎದುರಿಗೆ ಅದು ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ನಿಲುವಂಗಿ ತರಹೇಳಿದ್ದಾಗಿದೆ. ಮಗನು ತನ್ನನ್ನು ಕುರಿತು ತಾನು ಕಂಡುಕೊಂಡಿದ್ದ ವಿವೇಕಪೂರ್ಣ ತೀರ್ಮಾನವನ್ನು ತಂದೆ ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ.

ಗುರುವಿದ್ಯಾರ್ಥಿಗಳಿಗೆ ನಾವು ಸೂಚಿಸುವುದು ಇಷ್ಟೇ: ಪ್ರಬೋಧನೆಯಲ್ಲಿ ಕಗ್ಗದ ಪದ್ಯವನ್ನು ಬಳಸುವುದಾದರೆ ಮೊದಲ ಭಾಗದಲ್ಲಿ ಬಳಸಿರಿ, ಲೂಕ 15ರ 19ನೆಯ ವಚನದವರೆಗೆ ಅದು ನಿಮ್ಮೊಡನೆ ಬರಬಲ್ಲದು. 20ನೆಯ ವಚನದಲ್ಲಿ ಮಗನು ಎದ್ದು ಹೊರಟ ಮೇಲೆ ಅದನ್ನು ಮರಳಿ ಕರೆತರಬೇಡಿರಿ. ಅಂತ್ಯಕ್ರಿಯೆಯಲ್ಲಿ ಜಟಕಾ ಗಾಡಿಯ ಪದ್ಯವನ್ನು ಹೇಳುವ ಮುನ್ನ, ಸತ್ತವರ ಮನೆಯವರೊಳಗೆ ಮಾತು ಬಿಟ್ಟವರು ಯಾರಾದರೂ ದೂರದಲ್ಲಿ ನಿಂತಿದ್ದಾರೆಯೇ ಎಂದು ಒಮ್ಮೆ ಕಣ್ಣು ಹಾಯಿಸಿರಿ. ನಿಂತಿದ್ದರೆ, ವಿಧಿಯ ಮಾತು ಅಂದು ಬೇಡ.

ಒಂದು ಆಕ್ಷೇಪ ಉಳಿಯುತ್ತದೆ. ಕ್ಷಮೆ ಕೇಳಬೇಕಾದವರೇ ತೀರಿಕೊಂಡಿದ್ದರೆ? ನಮ್ಮ ಅಣ್ಣನು ಎಚ್ಚರಗೊಳ್ಳುವಷ್ಟರಲ್ಲಿ ತಂಗಿ ಇಲ್ಲವಾಗಿದ್ದರೆ, ಸ್ವಗತವಲ್ಲದೆ ಮತ್ತೇನು ಗತಿ? ನೀತಿಶಾಸ್ತ್ರದ ಹಳೆಯ ಕೈಪಿಡಿಗಳು ಇಲ್ಲಿ ನಾವಂದುಕೊಂಡದ್ದಕ್ಕಿಂತ ಹೆಚ್ಚು ಸೂಕ್ಷ್ಮವಾಗಿವೆ. ಹಿಂದಿರುಗಿಸಬೇಕಾದದ್ದು ಮೃತರ ವಾರಸುದಾರರಿಗೆ ಸಲ್ಲಬೇಕು. ಅವರೂ ಸಿಗದಿದ್ದರೆ ಬಡವರಿಗೆ. ತಂಗಿಗೆ ಮಕ್ಕಳಿದ್ದಾರೆ. ಅವರು ಹೊಸಕೋಟೆಯಲ್ಲೋ ಕೆ.ಆರ್. ಪುರದಲ್ಲೋ ಬಾಡಿಗೆ ಮನೆಯಲ್ಲಿ ಇದ್ದಾರು. ಸೂಲಿಬೆಲೆಯಿಂದ ಅಲ್ಲಿಗೆ ಬಸ್ಸು ಇದೆ.